ಬೆಳ್ಳಿ ಪದಕದ ಮೀಸೆ ಬಣ್ಣವೂ ಬದುಕಿರುವ ನನ್ನ ತಾಯಿಯೂ

ವಸ್ತುಪ್ರದರ್ಶನ ಸಮಿತಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿರುವ ಮಾನ್ಯರೇ,

ಎಲ್ಲಕ್ಕಿಂತ ಮೊದಲು ಒಂದು ಸಂಗತಿಯನ್ನು ತಮ್ಮ ಗಮನಕ್ಕೂ ಈ ಪತ್ರಿಕೆ ಓದುವ ಸಮಸ್ತರ ಗಮನಕ್ಕೂ ತರುತ್ತೇನೆ. ನನ್ನ ತಾಯಿ ದೊಡ್ಡತಾಯಮ್ಮನವರು ಬದುಕಿದ್ದಾರೆ. ನಾನು ಇದನ್ನು ಬರೆಯುತ್ತಿರುವ ಹೊತ್ತಿನಲ್ಲಿ ಅವರು ನಮ್ಮ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು, ಹುಣಸೆಹಣ್ಣಿನ ಬೀಜ ಬಿಡಿಸುತ್ತಾ, ಬೀದಿಯಲ್ಲಿ ಹೋಗುವವರನ್ನೆಲ್ಲ ದುರುಗುಟ್ಟಿ ನೋಡುತ್ತಿದ್ದಾರೆ. ಅವರು ತೀರಿಕೊಂಡರೆಂದು ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಈ ಮೂರೂ ಕಡೆ ಸುದ್ದಿಯಾಗಿ, ಜನ ಗಾಡಿ ಕಟ್ಟಿಕೊಂಡು ಬಂದು ಅತ್ತು ಹೋಗಿದ್ದಾರೆ. ಈ ಸುದ್ದಿಯ ಮೂಲ ಹುಡುಕುತ್ತಾ ಹೊರಟರೆ ದಾರಿ ನೇರವಾಗಿ ತಮ್ಮ ಕಚೇರಿಯ ಮೇಜಿಗೆ ಬಂದು ನಿಲ್ಲುತ್ತದೆ. ತಾವು ಹಾಸನದ ಪ್ರದರ್ಶನದಲ್ಲಿ ಒಂದು ಮೀಸೆ ಬಣ್ಣಕ್ಕೆ ಬೆಳ್ಳಿ ಪದಕ ಕೊಟ್ಟಿರಿ. ಆ ಬಣ್ಣ ನನ್ನ ಮೀಸೆಯನ್ನು ತೆಗೆಯಿತು. ನನ್ನ ಮೀಸೆ ಹೋದ ಕಾರಣ ನನ್ನ ತಾಯಿ ಸತ್ತರು.

ತಮಗೆ ಇದು ತಲೆಬುಡವಿಲ್ಲದ ಮಾತಾಗಿ ಕಾಣಬಹುದು. ತಾವು ದಿನಾ ಬೆಳಿಗ್ಗೆ ಸ್ವಂತ ಇಚ್ಛೆಯಿಂದ ಮುಖ ನುಣ್ಣಗೆ ಬೋಳಿಸಿಕೊಳ್ಳುವ ವಿದ್ಯಾವಂತರು. ನಮ್ಮ ಒಕ್ಕಲು ಮನೆಗಳಲ್ಲಿ ಮೀಸೆ ಬಂದ ಗಂಡಸು ಅದನ್ನು ತೆಗೆಸುವುದು ಹೆತ್ತವರು ಹೋದಾಗ ಮಾತ್ರ. ನನ್ನ ತಂದೆಯವರು ಕಾಲವಾಗಿ ಬಹಳ ವರ್ಷಗಳಾದವು. ಆಗ ಒಂದು ಸಲ ತೆಗೆಸಿದ್ದೆ. ಇನ್ನೊಂದು ಸಲ ತೆಗೆಸಿದೆನೆಂದರೆ ಅದು ಯಾರಿಗಾಗಿ ಎಂದು ಕೇಳುವ ಅಗತ್ಯವೇ ಇಲ್ಲ. ನಮ್ಮ ಕಡೆ ಬೋಳು ಮೇಲ್ತುಟಿ ಎಂದರೆ ಊರಿಗೆಲ್ಲ ಟಾಂಟಾಂ ಹೊಡೆಸಿದ ಹಾಗೆ. ಇಷ್ಟು ಸಣ್ಣ ವಿಷಯ ತಿಳಿಯದವರು ಮೀಸೆಗೆ ಹಚ್ಚುವ ವಸ್ತುವಿನ ಗುಣದೋಷ ತೀರ್ಮಾನಿಸುವ ಪೀಠದಲ್ಲಿ ಹೇಗೆ ಕುಳಿತಿರಿ?

ನನ್ನ ಮೀಸೆಯ ವಿಚಾರ ಸ್ವಲ್ಪ ಹೇಳಬೇಕು. ನಾನು ತಿಮ್ಮಪ್ಪ, ಚನ್ನರಾಯಪಟ್ಟಣದ ಸಂತೆಯಲ್ಲಿ ತೆಂಗಿನಕಾಯಿ, ಕೊಬ್ಬರಿ ವ್ಯಾಪಾರ ಮಾಡುವವನು. ಮನೆ ಇರುವುದು ಪಟ್ಟಣದಿಂದ ಗಾಡಿಯಲ್ಲಿ ಹೋಗುವಷ್ಟು ದೂರದ ಹಳ್ಳಿಯಲ್ಲಿ. ದೇವರು ನನಗೆ ತಕ್ಕಮಟ್ಟಿಗೆ ದೊಡ್ಡ ಮೀಸೆಯನ್ನೇ ಕೊಟ್ಟಿದ್ದ. ಆದರೆ ಕೆಲವು ವರ್ಷಗಳಿಂದ ಎಡಗಡೆ ಪೂರ್ತಿ ಬೆಳ್ಳಗಾಗಿ, ಬಲಗಡೆ ಮಾತ್ರ ಕಪ್ಪಗೆ ಉಳಿದುಕೊಂಡಿತು. ಪಕ್ಕದ ಮಂಡಿಯ ಪಂಚಾಕ್ಷರಯ್ಯನವರು ನನ್ನ ಬಹುಕಾಲದ ಸ್ನೇಹಿತರು, ವಿಭೂತಿ ಧರಿಸಿ ಕೂತರೆ ಸಾಕ್ಷಾತ್ ಶಿವಶರಣರಂತೆ ಕಾಣುವವರು, ಬಾಯಿ ಮಾತ್ರ ಹಾಗಲ್ಲ. "ತಿಮ್ಮಪ್ನೋರೆ, ಎಡಗಡೆಯಿಂದ ನೋಡುದ್ರೆ ನೀವು ನಮ್ಮಪ್ಪನ ವಾರಿಗೆ, ಬಲಗಡೆಯಿಂದ ನೋಡುದ್ರೆ ನನ್ ತಮ್ಮನ ವಾರಿಗೆ. ಯಾವ ಕಡೆ ಕೂತು ಮಾತಾಡ್ಸಬೇಕೋ ಗೊತ್ತಾಗಕಿಲ್ಲ" ಎಂದು ದಿನಾ ಗೇಲಿ ಮಾಡುತ್ತಿದ್ದರು. ನಕ್ಕು ಸುಮ್ಮನಿದ್ದೆ. ಅಷ್ಟರಲ್ಲಿ ನಮ್ಮ ವರ್ತಕರ ಸಂಘದವರೆಲ್ಲ ಸೇರಿ ಫೋಟೋ ತೆಗೆಸಿ ಗೋಡೆಗೆ ಹಾಕಬೇಕೆಂದು ನಿಶ್ಚಯವಾಯಿತು. ಗೋಡೆಯ ಮೇಲೆ ಮೊಮ್ಮಕ್ಕಳ ಕಾಲದವರೆಗೂ ಇರುವ ಮುಖ ಒಂದೇ ಬಣ್ಣದ್ದಾಗಿರಲಿ ಎಂದು ಒಬ್ಬ ಮನುಷ್ಯ ಆಸೆಪಟ್ಟರೆ ಅದು ಅಪರಾಧವೇ?

ಅದೇ ಸಮಯಕ್ಕೆ ತಮ್ಮ ಪ್ರದರ್ಶನ. ಕೈಮಗ್ಗದ ಬಟ್ಟೆ, ರಾಮನಾಥಪುರದ ಹೊಗೆಸೊಪ್ಪು, ಬಹುಮಾನದ ರಾಸುಗಳು, ಇವುಗಳ ನಡುವೆ ಒಂದು ಡೇರೆ. ಒಳಗೆ ಆಳೆತ್ತರದ ಕನ್ನಡಿ, ಎರಡು ಕುರ್ಚಿ, ಜರಿ ಪೇಟ ಮತ್ತು ಕರಿ ಕೋಟಿನ ಒಬ್ಬ ಮಹಾನುಭಾವ. ತನ್ನನ್ನು ಕೇಶಕಲ್ಪ ನಿಪುಣನೆಂದು ಕರೆದುಕೊಳ್ಳುತ್ತಿದ್ದ. ಯುದ್ಧದಿಂದಾಗಿ ಜರ್ಮನಿಯ ಬಣ್ಣ ಬರುವುದು ನಿಂತುಹೋಗಿದೆ, ಭಾರತೀಯರ ಮೀಸೆ ಇನ್ನೆಷ್ಟು ದಿನ ಪರದೇಶದ ಹಂಗಿನಲ್ಲಿರಬೇಕು ಎಂದು ಅವನು ಭಾಷಣ ಮಾಡುತ್ತಿದ್ದ. ಅದನ್ನು ಕೇಳಿ ನನಗೂ ಸ್ವಲ್ಪ ದೇಶಾಭಿಮಾನ ಉಕ್ಕಿತೆಂದು ಹೇಳಲೇಬೇಕು. ಆದರೂ ನಾನು ವ್ಯಾಪಾರಸ್ಥ, ಭಾಷಣಕ್ಕೆ ಮರುಳಾಗುವವನಲ್ಲ. ನಾನು ಮರುಳಾದದ್ದು ಅವನ ತಲೆಯ ಹಿಂದೆ ಕಟ್ಟುಹಾಕಿ ತೂಗುಬಿಟ್ಟಿದ್ದ ತಮ್ಮ ಪ್ರಶಸ್ತಿಪತ್ರಕ್ಕೆ. 'ಸಮಿತಿಯು ಈ ವಸ್ತುವನ್ನು ಕೂಲಂಕಷವಾಗಿ ಪರೀಕ್ಷಿಸಿ, ನಿರಪಾಯಕರವೆಂದು ಕಂಡುಕೊಂಡು, ಬೆಳ್ಳಿ ಪದಕವನ್ನಿತ್ತು ಗೌರವಿಸಿದೆ.' ಕೆಳಗೆ ತಮ್ಮ ರುಜು. ಅದರ ಮೇಲೆ ಮೊಹರು. ದೊಡ್ಡವರು ನೋಡಿ ಒಪ್ಪಿದ್ದಾರಲ್ಲ, ಇನ್ನು ನಾನು ನೋಡುವುದೇನಿದೆ ಎಂದು ಕುರ್ಚಿಯಲ್ಲಿ ಕೂತೆ.

ಅವನು ಕರಟದಲ್ಲಿ ಏನನ್ನೋ ಕಲಸಿ ಕುಂಚದಿಂದ ಹಚ್ಚಿದ. ಹಚ್ಚಿದ ಸ್ವಲ್ಪ ಹೊತ್ತಿಗೆ ಉರಿಯತೊಡಗಿತು. "ಉರೀತಾ ಇದೆಯಲ್ಲ" ಎಂದೆ. "ಉರಿದರೆ ಸಂತೋಷಪಡಿ ಸ್ವಾಮಿ. ಬಣ್ಣ ಬೇರಿಗೆ ಇಳೀತಾ ಇದೆ" ಎಂದ. ಸಂತೋಷಪಡಲು ಪ್ರಯತ್ನಿಸಿದೆ. ಕಣ್ಣಲ್ಲಿ ನೀರು ಬಂತು. ಅದಕ್ಕೂ ಅವನ ಹತ್ತಿರ ಸಮಾಧಾನವಿತ್ತು. ಕೊನೆಗೆ ಒದ್ದೆ ಬಟ್ಟೆಯಿಂದ ಒರೆಸಿದಾಗ, ಮಾನ್ಯರೇ, ನನ್ನ ಎಡಗಡೆಯ ಮೀಸೆ ಬಟ್ಟೆಯಲ್ಲಿ ಬಂತು. ಬಣ್ಣ ಚೆನ್ನಾಗಿಯೇ ಹಿಡಿದಿತ್ತು, ಅದನ್ನು ಅಲ್ಲಗಳೆಯುವುದಿಲ್ಲ. ಅಚ್ಚ ಕಪ್ಪು. ಆದರೆ ಮೀಸೆ ಇದ್ದದ್ದು ಬಟ್ಟೆಯ ಮೇಲೆ, ನಾನಿದ್ದದ್ದು ಕುರ್ಚಿಯ ಮೇಲೆ.

ಸಂಜೆಯ ಹೊತ್ತಿಗೆ ತುಟಿ ಬದನೆಕಾಯಿಯ ಹಾಗೆ ಊದಿ, ಬೊಕ್ಕೆ ಎದ್ದು, ಮಾತಾಡುವುದಿರಲಿ, ನೀರು ಕುಡಿಯುವುದೂ ಕಷ್ಟವಾಯಿತು. ಆಸ್ಪತ್ರೆಯಲ್ಲಿ ಸೇರಿಸಿಕೊಂಡರು. ಅಲ್ಲಿಯ ಕಾಂಪೌಂಡರು, ಒಳ್ಳೆಯ ಮನುಷ್ಯ, ಮುಲಾಮು ಹಚ್ಚಬೇಕಾದರೆ ಬಲಗಡೆ ಉಳಿದದ್ದನ್ನೂ ತೆಗೆಯಲೇಬೇಕೆಂದು ಬಹಳ ಮರ್ಯಾದೆಯಿಂದ ಕೇಳಿ ಬೋಳಿಸಿದರು. ಇತ್ತ ಪ್ರದರ್ಶನ ಮುಗಿದು ಡೇರೆ ಎದ್ದಿತು; ಕೇಶಕಲ್ಪ ನಿಪುಣ ತಮ್ಮ ಪದಕ ಸಮೇತ ಕಾಣೆಯಾದ. ನಾನು ಊತ ಇಳಿಯುವವರೆಗೂ ಅಲ್ಲೇ ಮಲಗಿದ್ದೆ. ಮನೆಗೆ ನಿಜ ಹೇಳಿ ಕಳಿಸಲು ನಾಚಿಕೆಯಾಗಿ, ಕೊಬ್ಬರಿ ವ್ಯವಹಾರದ ನೆವ ಹೇಳಿ ಕಳಿಸಿದೆ. ನಮ್ಮ ಕಡೆಯವರು ಯಾರೋ ನನ್ನನ್ನು ಆಸ್ಪತ್ರೆಯ ಬಾಗಿಲಲ್ಲಿ ದೂರದಿಂದ ಕಂಡು, ತಿಮ್ಮಪ್ಪ ಆಸ್ಪತ್ರೆಯಲ್ಲಿದ್ದಾನೆ, ಮಂಡಿನೋವಿನ ಅವ್ವನನ್ನು ಸೇರಿಸಿರಬೇಕು ಎಂದು ಸಂತೆಯಲ್ಲಿ ಹೇಳಿದ್ದರಂತೆ. ಅವ್ವ ಆಗಲೇ ಬಹಳ ದಿನಗಳಿಂದ ಪಟ್ಟಣದ ಕಡೆ ಬಂದಿರಲಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಊರಿಗೆ ಹೊರಟ ದಿನ ಸಂತೆ. ಪೆಟ್ರೋಲಿನ ಅಭಾವಕ್ಕೆ ಇದ್ದಿಲು ಗ್ಯಾಸಿನಲ್ಲಿ ಓಡುವ ಬಸ್ಸು ದಾರಿಯುದ್ದಕ್ಕೂ ಕೆಮ್ಮುತ್ತಾ ನಿಲ್ಲುತ್ತಾ ಬಂತು. ಯಾರ ಕಣ್ಣಿಗೂ ಬೀಳಬಾರದೆಂದು ತಲೆ ತುಂಬ ವಸ್ತ್ರ ಹೊದ್ದು ಕಿಟಕಿಗೆ ಮುಖ ಮಾಡಿ ಕೂತಿದ್ದೆ. ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಕಾಯಿ ಮೂಟೆ ಹೊರುವ ಕೆಂಚಯ್ಯ ಎದುರಾದ. ನನ್ನ ಮುಖ ನೋಡಿದವನು ಹೊತ್ತಿದ್ದ ಮೂಟೆಯನ್ನು ಹಾಗೇ ಕೆಳಗೆ ಬಿಟ್ಟ.

"ತಿಮ್ಮಪ್ಪಣ್ಣೋ, ಇದೇನಣ್ಣ ಇಂಗಾಯ್ತು? ಆಸನದ ಆಸ್ಪತ್ರೇಲವ್ರೆ ಅಂತಿದ್ರು. ಅವ್ವನಾ?"

ತುಟಿ ತೆರೆದರೆ ಗಾಯ ಬಿರಿಯುತ್ತಿತ್ತು. ಬಸ್ಸಿನ ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನನ್ನನ್ನು ಬಿಟ್ಟುಬಿಡಪ್ಪ ಎನ್ನುವ ಹಾಗೆ ಕೈ ಎತ್ತಿದೆ. ಆ ಕೈ ಆಕಾಶದ ಕಡೆ ಹೋದಂತೆ ಅವನಿಗೆ ಕಂಡಿತು.

"ಅಯ್ಯೋ, ಓಗ್ಬುಟ್ರಾ! ಎಂಥಾ ಜೀವ ಕಣಣ್ಣ ಅದು! ನಾನು ಕಾಯಿ ಆಕಕ್ ಬಂದಾಗೆಲ್ಲ ಮುದ್ದೆ ಇಕ್ದೆ ಕಳುಸ್ತಿರ್ನಿಲ್ವಲ್ಲಣ್ಣ!"

ಕೆಂಚಯ್ಯ ರುಮಾಲು ತೆಗೆದು ಅತ್ತ. ಅವನ ದನಿ ಕೇಳಿ ಇಪ್ಪತ್ತು ಜನ ಸೇರಿದರು. ನಾನು ತಲೆ ತಗ್ಗಿಸಿದೆ. ತಗ್ಗಿಸಿದ ತಲೆಯನ್ನು ಎತ್ತದೆ ಗಾಡಿ ಹತ್ತಿದೆ.

ಮನೆಯಲ್ಲಿ ನನ್ನನ್ನು ನೋಡಿ ಮೊದಲು ಗಾಬರಿಯಾದದ್ದು ಅವ್ವನೇ. "ಯಾರ್ಲಾ ಸತ್ರು?" ಎಂದು ಎದೆ ಹಿಡಿದುಕೊಂಡು ಕೇಳಿದರು. ನನ್ನ ಹೆಂಡತಿ ಕಾಮಾಕ್ಷಮ್ಮ ನನ್ನ ಅರ್ಧ ಮಾತು, ಅರ್ಧ ಸನ್ನೆಯನ್ನು ಜೋಡಿಸಿ ವಿಷಯ ಬಿಡಿಸಿ ಹೇಳಿದ ಮೇಲೆ ಅತ್ತೆ ಸೊಸೆ ಇಬ್ಬರೂ ಬಿದ್ದು ಬಿದ್ದು ನಕ್ಕರು. ನಗುತ್ತಲೇ ಅವ್ವ ಹರಳೆಣ್ಣೆಗೆ ಅರಿಸಿನ ಕಲಸಿ ತಂದು, ನನ್ನ ಗಲ್ಲ ಹಿಡಿದುಕೊಂಡು ತುಟಿಗೆ ಸವರಿದರು. "ಬೆಳ್ಗಿದ್ರೆ ಏನ್ಲಾ ಆಗಿತ್ತು? ನಿಮ್ಮಪ್ಪಂದೂ ಬೆಳ್ಗೇ ಇರ್ನಿಲ್ವಾ" ಎಂದರು. ಬಸ್ ಸ್ಟ್ಯಾಂಡಿನ ವಿಷಯ ನಾನು ಹೇಳಲಿಲ್ಲ. ಬಾಯಿ ನೋಯುತ್ತಿತ್ತಲ್ಲ.

ಮಾರನೆಯ ದಿನ ಏನೂ ಆಗಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಊರ ತಿರುವಿನಲ್ಲಿ ಗಾಡಿಯೊಂದು ನಿಂತು, ಅಲ್ಲಿಂದಲೇ ಅಳು ಶುರುವಾಯಿತು. ಅರಕಲಗೂಡಿಗೆ ಕೊಟ್ಟಿರುವ ನಮ್ಮಕ್ಕ. ತಲೆಗೂದಲು ಬಿಚ್ಚಿಕೊಂಡು, ಎದೆ ಬಡಿದುಕೊಳ್ಳುತ್ತಾ, ಕಣ್ಣು ಮುಚ್ಚಿಕೊಂಡೇ ಬೀದಿ ದಾಟಿ ಬಂದು ಜಗಲಿಯ ಮೇಲೆ ಕೂತಿದ್ದವರ ತೊಡೆಯ ಮೇಲೆ ಬಿದ್ದಳು.

"ಅವ್ವೋ ನನ್ನವ್ವಾ! ಮುಖ ನೋಡಕ್ಕೂ ಬುಡ್ದೆ ಮಣ್ ಮಾಡ್ಬುಟ್ರಲ್ಲವ್ವಾ! ನನ್ನವ್ವನ್ನ ತಂದ್ಕೊಡ್ರಪ್ಪೋ!"

"ಯಾವ್ ಅವ್ವನ್ನೇ?" ಎಂದರು ಅವ್ವ. "ನಿಂಗೆ ನಾನ್ ಒಬ್ಳೇ ಅಲ್ವೇನೇ?"

ಅಕ್ಕ ಕಣ್ಣು ಬಿಟ್ಟು ನೋಡಿ ಅಲ್ಲಿಯೇ ಮೂರ್ಛೆ ಹೋದಳು. ನೀರು ಚಿಮುಕಿಸಿ ಎಬ್ಬಿಸುವ ಹೊತ್ತಿಗೆ ಹೊಳೆನರಸೀಪುರದಿಂದ ಸೋದರಮಾವ ಕೃಷ್ಣಪ್ಪನವರು ಬಂದಿಳಿದರು. ಹೆಣ್ಣುಮಗಳು ಹೋದರೆ ಕೊನೆಯ ಸೀರೆ ತೌರಿನಿಂದ ಬರಬೇಕು. ಆ ಸೀರೆ ಉಡಿಸದೆಯೇ ತಂಗಿಯನ್ನು ಮಣ್ಣು ಮಾಡಿದರೆಂಬ ಸಿಟ್ಟಿನಲ್ಲಿ ಅವರು ಹೊಸ ಸೀರೆಯ ಗಂಟನ್ನು ಹಿಡಿದುಕೊಂಡು, "ಎಲ್ಲವ್ನೆ ಆ ತಿಮ್ಮ? ತೌರಿನೋರು ಸತ್ತೋಗಿದ್ರೇನ್ಲಾ?" ಎಂದು ಕೂಗುತ್ತಲೇ ಬಂದರು. ಜಗಲಿಯ ಮೇಲೆ ತಂಗಿಯನ್ನು ಕಂಡು ಗಂಟು ಕೈಯಿಂದ ಜಾರಿತು. ಅವ್ವ ಅದನ್ನು ಬಿಚ್ಚಿ, ಸೀರೆಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದರು.

"ಮುತ್ತೈದೆಯಾಗಿದ್ದಾಗ ಒಂದ್ ಗೌರಿ ಅಬ್ಬಕ್ಕೂ ರವಿಕೆ ಕಣ ಕಳುಸ್ನಿಲ್ಲ ಕಣಣ್ಣ ನೀನು. ಸತ್ತೆ ಅಂದೇಟ್ಗೆ ಇಂಥಾ ಸೀರೆ ತಕಂಡ್ ಓಡ್ಬಂದೆ. ಇಷ್ಟ್ ಸಲೀಸು ಅಂತ ಗೊತ್ತಿದ್ರೆ ಯಾವಾಗ್ಲೋ ಸಾಯ್ತಿದ್ದೆ."

ಎಲ್ಲರೂ ನಕ್ಕರು, ಮಾವನೂ ನಕ್ಕರು, ಆಮೇಲೆ ಅತ್ತರು. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚುತ್ತದೆಂದು ಯಾರೋ ಸಮಾಧಾನ ಹೇಳಿದರು. ಇಷ್ಟಕ್ಕೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಅಷ್ಟರಲ್ಲಿ ಕೆಂಚಯ್ಯ ಬಂದ. ಸತ್ತವರ ಮನೆಗೆ ಬರಿಗೈಲಿ ಹೋಗಬಾರದೆಂದು ಊದುಬತ್ತಿ ತಂದಿದ್ದ. ಅವ್ವನನ್ನು ಕಂಡು ಕಾಲಿಗೆ ಬಿದ್ದು, ಮನಸಾರೆ ಖುಷಿಪಟ್ಟು, ಆಮೇಲೆ ಮುಗ್ಧವಾಗಿ ಹೇಳಿದ.

"ನಾನೇನ್ ಸುಳ್ ಅಬ್ಸಿದ್ದಲ್ಲ ಕಣವ್ವೋ. ಬಾಯ್ಬುಟ್ಟು ಕೇಳ್ದೆ. ಅವ್ವನಾ ಅಂದೆ. ತಿಮ್ಮಪ್ಪಣ್ಣ ತಲೆ ತಗ್ಗುಸ್ಬುಟ್ಟ."

ಅವ್ವ ನನ್ನ ಕಡೆ ತಿರುಗಿದರು. ಅಷ್ಟು ಜನರ ನಡುವೆ, ದನಿ ಏರಿಸದೆ ಕೇಳಿದರು. "ತುಟಿ ಬಿಚ್ಚಕ್ ಆಗ್ನಿಲ್ಲ, ಸರಿ. ತಲೆ ಅಲ್ಲಾಡ್ಸಕ್ಕೆ ಏನಾಗಿತ್ಲಾ ನಿಂಗೆ?"

ಮಾನ್ಯರೇ, ಉತ್ತರ ನನಗೆ ಗೊತ್ತಿತ್ತು. ಬಣ್ಣ ಹಚ್ಚಿಸಿಕೊಳ್ಳಲು ಹೋಗಿ ಮೀಸೆ ಸುಟ್ಟುಕೊಂಡವನು ಎನ್ನಿಸಿಕೊಳ್ಳುವುದಕ್ಕಿಂತ ತಾಯಿ ಸತ್ತವನು ಎನ್ನಿಸಿಕೊಳ್ಳುವುದು ಆ ಗಳಿಗೆಯಲ್ಲಿ ನನಗೆ ಹಗುರವಾಗಿ ಕಂಡಿತು. ಮೊದಲನೆಯವನನ್ನು ನೋಡಿ ಜನ ನಗುತ್ತಾರೆ, ಎರಡನೆಯವನಿಗೆ ದಾರಿ ಬಿಡುತ್ತಾರೆ. ನನಗೆ ದಾರಿ ಬೇಕಾಗಿತ್ತು. ಅದಕ್ಕೆ ಅವ್ವನನ್ನು ಕೊಟ್ಟೆ. ಅವ್ವನಿಗೆ ಅದು ನಾನು ಹೇಳದೆಯೇ ಗೊತ್ತಾಯಿತು, ನನ್ನ ಮುಖದಲ್ಲಿ ಮರೆಮಾಡಿಕೊಳ್ಳಲು ಮೀಸೆಯೂ ಇರಲಿಲ್ಲವಲ್ಲ.

ಅಂದಿನಿಂದ ಅವ್ವ ನನ್ನ ಹತ್ತಿರ ಮಾತು ಬಿಟ್ಟರು. ಏನಾದರೂ ಹೇಳುವುದಿದ್ದರೆ ನಾನು ಎದುರಿಗೇ ಕೂತಿದ್ದರೂ "ಕಾಮಾಕ್ಷಿ, ನಿನ್ ಗಂಡಂಗೆ ಯೋಳು" ಎನ್ನುತ್ತಾರೆ. ಅದನ್ನಾದರೂ ಸಹಿಸಿಕೊಳ್ಳಬಹುದು. ಅವ್ವನಿಗೆ ಹಲ್ಲಿಲ್ಲ. ಅಪ್ಪ ಹೋದಂದಿನಿಂದ ಪ್ರತಿ ಸಂಜೆ ಅವರ ಎಲೆಯಡಿಕೆಯನ್ನು ಸಣ್ಣ ಕುಟ್ಟಾಣಿಯಲ್ಲಿ ಕುಟ್ಟಿಕೊಡುವವನು ನಾನು. ಅಪ್ಪನ ಕೆಲಸ ಅದು, ನನಗೆ ಬಂದದ್ದು. ಈಗ ಅವರೇ ಗೋಡೆಗೆ ಒರಗಿ ಕೂತು ಕುಟ್ಟಿಕೊಳ್ಳುತ್ತಾರೆ. ಅರ್ಧ ಪೆಟ್ಟು ಕುಟ್ಟಾಣಿಯ ಅಂಚಿಗೆ ಬೀಳುತ್ತದೆ. ಆ ಸದ್ದು ಕೇಳಿಕೊಂಡು ಒಳಗೆ ಕೂತಿರುವುದು ಆ ಬಣ್ಣದ ಉರಿಗಿಂತ ಕಷ್ಟ. ಒಂದು ಸಂಜೆ ಹತ್ತಿರ ಹೋಗಿ ಕೈ ನೀಡಿದೆ. ಅವರು ಕುಟ್ಟಾಣಿಯನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಇಟ್ಟುಕೊಂಡರು.

ಸಂತೆಯಲ್ಲೂ ಕಥೆ ಬೇರೆಯಲ್ಲ. ನನ್ನ ರಾಶಿಯ ಕಾಯಿಯನ್ನು ಯಾರೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿರಲಿಲ್ಲ. ತಿಮ್ಮಪ್ಪ ಒಳ್ಳೆಯದೆಂದರೆ ಒಳ್ಳೆಯದು. ಈಗ ಒಂದೊಂದನ್ನೂ ಅಲ್ಲಾಡಿಸುತ್ತಾರೆ. ನಗುತ್ತಲೇ ಅಲ್ಲಾಡಿಸುತ್ತಾರೆ, ಆದರೆ ಅಲ್ಲಾಡಿಸುತ್ತಾರೆ. "ಎತ್ತವ್ವನ್ನೇ ಸತ್ಲು ಅಂತ ಒಪ್ಕಂಡೋನು, ಕಾಯಿ ಬಲಿತದೆ ಅಂದ್ರೆ ಎಂಗಪ್ಪ ನಂಬೋದು?" ಎಂದು ಒಬ್ಬ ಗಿರಾಕಿ ನನಗೆ ಕೇಳುವ ಹಾಗೆಯೇ ಹೇಳಿದ. ಸಂಘದ ಫೋಟೋ ನಾನಿಲ್ಲದೆ ತೆಗೆದದ್ದಾಯಿತು. ಗೋಡೆಯ ಮೇಲೆ ತೂಗುಹಾಕಿದ್ದಾರೆ. ಎಲ್ಲರೂ ಚೆನ್ನಾಗಿ ಬಂದಿದ್ದಾರೆ.

ಹೀಗಿರುವಾಗ ಪಂಚಾಕ್ಷರಯ್ಯನವರನ್ನು ಜೊತೆಗೆ ಕರೆದುಕೊಂಡು ತಮ್ಮ ಸನ್ನಿಧಿಗೆ ಬಂದದ್ದು ತಮಗೆ ನೆನಪಿರಬಹುದು. ನೆನಪಿಲ್ಲದಿದ್ದರೆ ನೆನಪಿಸುತ್ತೇನೆ. ಜವಾನ ಪಾಪಯ್ಯ ಬಹಳ ಹೊತ್ತು ಹೊರಗೆ ಕೂರಿಸಿ, ಆಮೇಲೆ ಒಳಗೆ ಬಿಟ್ಟ. ತಾವು ನನ್ನ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿ, ಕನ್ನಡಕ ಒರೆಸಿಕೊಂಡು, ಹೀಗೆಂದಿರಿ.

"ನೋಡಿ, ಪರೀಕ್ಷೆ ಮಾಡದೆ ನಾವು ಪದಕ ಕೊಡೋದಿಲ್ಲ. ರಾಸುಗಳ ವಿಭಾಗದಲ್ಲಿ ಒಂದು ಹೋರಿಯ ಬಾಲಕ್ಕೆ ಹಚ್ಚಿಸಿ ನೋಡಿದ್ದೇವೆ. ಹೋರಿ ಏನೂ ತಕರಾರು ಮಾಡಲಿಲ್ಲ."

"ಅದುಕ್ಕೆ ಅವ್ವನೂ ಇರ್ನಿಲ್ಲ ಅಂತ ಕಾಣ್ತದೆ ಸಾ" ಎಂದರು ಪಂಚಾಕ್ಷರಯ್ಯನವರು. ತಮಗೆ ಅದು ಕೇಳಿಸಲಿಲ್ಲ. ನನ್ನ ಮೇಲ್ತುಟಿಗೂ ಹೋರಿಯ ಬಾಲಕ್ಕೂ ಚರ್ಮದಲ್ಲಿ, ಸ್ಥಾನದಲ್ಲಿ, ಮರ್ಯಾದೆಯಲ್ಲಿ ಏನಾದರೂ ವ್ಯತ್ಯಾಸ ತಮಗೆ ಕಂಡುಬರುವುದೇ ಎಂದು ನಾನು ವಿನಯದಿಂದಲೇ ವಿಚಾರಿಸಿದೆ. ತಾವು ಅದಕ್ಕೆ ಕೊಟ್ಟ ಉತ್ತರವನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. "ಮೀಸೆ ಮತ್ತೆ ಬೆಳೆಯುತ್ತೆ. ತಾಯಿಯವರು ತೀರಿಕೊಂಡೂ ಇಲ್ಲ. ಹಾಗಾದರೆ ತಮಗೆ ಆದ ನಷ್ಟವಾದರೂ ಏನು?"

ಮಾನ್ಯರೇ, ಅದರ ಉತ್ತರ ನನಗೆ ಬಸ್ಸಿನಲ್ಲಿ ಬರುವಾಗ ಹೊಳೆಯಿತು. ಹೊಳೆಯುವುದಕ್ಕೆ ಆ ಬಸ್ಸು ಬೇಕಾದಷ್ಟು ಅವಕಾಶ ಕೊಡುತ್ತದೆ. ತಾವು ಹೇಳಿದ್ದು ಸರಿ, ಮೀಸೆ ಬೆಳೆಯುತ್ತದೆ. ಬೆಳೆದಿದೆ ಕೂಡ. ಈ ಸಲ ಎರಡೂ ಕಡೆ ಬೆಳ್ಳಗೆ ಬಂದಿದೆ, ಯಾವ ಪದಕದ ಸಹಾಯವೂ ಇಲ್ಲದೆ ನನ್ನ ಮುಖ ಒಂದೇ ಬಣ್ಣದ್ದಾಗಿದೆ. ಆದರೆ ಸುಟ್ಟ ತುಟಿಗೆ ಹಚ್ಚಲು ಮುಲಾಮು ಇರುವಂತೆ, ತಾಯಿಯ ಮನಸ್ಸಿಗೆ ಹಚ್ಚಲು ಏನಿದೆ? ಅದನ್ನು ಯಾವ ಹೋರಿಯ ಮೇಲೆ ಪರೀಕ್ಷಿಸುತ್ತೀರಿ? ತಾವು ನೋಡದೆ ರುಜು ಮಾಡಿದಿರಿ, ನಾನು ಹೇಳದೆ ತಲೆ ತಗ್ಗಿಸಿದೆ. ನನ್ನ ಪಾಲಿನದನ್ನು ತಮ್ಮ ತಲೆಗೆ ಕಟ್ಟಲು ನಾನು ಬಂದಿಲ್ಲ, ಅದು ನನ್ನದೇ, ನಾನೇ ಹೊರುತ್ತೇನೆ. ಆದರೆ ತಮ್ಮ ಪಾಲಿನದನ್ನು ಹೊರುವವರು ಯಾರು? ಆ ನಿಪುಣ ಈಗ ತುಮಕೂರಿನ ಕಡೆ ಡೇರೆ ಹಾಕಿದ್ದಾನಂತೆ. ತಮ್ಮ ರುಜು ಇನ್ನೂ ಅವನ ತಲೆಯ ಹಿಂದೆ ತೂಗುತ್ತಿದೆಯಂತೆ. ಅಲ್ಲಿಯೂ ಬೆಳ್ಳಗಾದ ಮೀಸೆಗಳಿವೆ, ಅಲ್ಲಿಯೂ ಮುದಿ ತಾಯಂದಿರಿದ್ದಾರೆ.

ಇಷ್ಟು ದಿನಗಳಲ್ಲಿ ಒಂದೇ ಒಂದು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿತು. ಅವ್ವ ನನಗೆ ಎಣ್ಣೆ ಸವರುವುದನ್ನು ಬಿಟ್ಟರೂ, ದಿನಾ ಬೆಳಿಗ್ಗೆ ನನ್ನ ಹಾಸಿಗೆಯ ಪಕ್ಕದ ಗೂಡಿನಲ್ಲಿ ಅರಿಸಿನ ಕಲಸಿದ ಹರಳೆಣ್ಣೆಯ ಬಟ್ಟಲು ಇರುತ್ತಿತ್ತು. ಕಾಮಾಕ್ಷಮ್ಮನೇ ಇಡುತ್ತಾಳೆಂದುಕೊಂಡಿದ್ದೆ. ಕೇಳಿದರೆ "ನಾನಲ್ಲ, ಯಾರು ಅಂತ ನಿಮಗೆ ಗೊತ್ತಿಲ್ವಾ?" ಎಂದಳು. ಗಾಯ ಪೂರ್ತಿ ಮಾಗಿದ ಮೇಲೂ ಬಟ್ಟಲು ಬರುತ್ತಲೇ ಇತ್ತು. ಒಂದು ದಿನ ಅದನ್ನು ಹಿಡಿದುಕೊಂಡು ಜಗಲಿಗೆ ಹೋಗಿ ಅವ್ವನ ಎದುರು ಕೂತೆ. ಇಂಥ ತಪ್ಪಿಗೆ ಏನು ಮಾಡಿದರೆ ಸರಿಯಾಗುತ್ತದೆ, ಹೇಳಿಬಿಡು ಎಂದೆ. ಅವ್ವ ಹುಣಸೆಬೀಜ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಕಾಮಾಕ್ಷಿ, ನಿನ್ ಗಂಡಂಗೆ ಯೋಳು. ಮನೇಲಿ ಕಾಲ್ ಇಡ್ಕಂಡ್ರೆ ಯಾರ್ ನೋಡಿದ್ರು? ನನ್ನ ಬಸ್ ಸ್ಟ್ಯಾಂಡ್ನಾಗೆ ಸಾಯ್ಸವ್ನೆ. ಬಸ್ ಸ್ಟ್ಯಾಂಡ್ನಾಗೇ ಬದುಕುಸ್ಲಿ."

ಇದಕ್ಕಾಗಿಯೇ ಈ ಪತ್ರ ತಮ್ಮ ಕಚೇರಿಯ ಅಂಚೆಪೆಟ್ಟಿಗೆಗೆ ಬೀಳದೆ ಪತ್ರಿಕೆಯಲ್ಲಿ ಅಚ್ಚಾಗುತ್ತಿದೆ. ಎಲ್ಲರೆದುರು ಆದದ್ದನ್ನು ಎಲ್ಲರೆದುರೇ ಸರಿಪಡಿಸಬೇಕೆಂಬುದು ಅವ್ವನ ತೀರ್ಪು. ಅದರ ಮೇಲೆ ಅಪೀಲಿಲ್ಲ.

ಆದಕಾರಣ ನನ್ನ ಬೇಡಿಕೆ ಇಷ್ಟೇ. ಆ ಪದಕವನ್ನೂ ಪ್ರಶಸ್ತಿಪತ್ರವನ್ನೂ ಹಿಂದಕ್ಕೆ ಪಡೆದಿರುವುದಾಗಿ ಇದೇ ಪತ್ರಿಕೆಯಲ್ಲಿ, ಕೊಟ್ಟಾಗ ಎಷ್ಟು ದೊಡ್ಡ ಅಕ್ಷರಗಳಲ್ಲಿ ಹಾಕಿಸಿದ್ದಿರೋ ಅಷ್ಟೇ ದೊಡ್ಡ ಅಕ್ಷರಗಳಲ್ಲಿ ಹಾಕಿಸಿ. ಜೊತೆಗೆ, ಬರುವ ಸಂತೆಯ ದಿನ ಹಾಸನದ ಬಸ್ಸು ಬರುವ ಹೊತ್ತಿಗೆ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿಗೆ ತಾವು ದಯಮಾಡಿಸಬೇಕು. ನಾನು ಅಲ್ಲಿ ಕಾಯಿಮೂಟೆಯ ಮೇಲೆ ಹತ್ತಿ ನಿಂತು, ನನ್ನ ತಾಯಿ ಬದುಕಿದ್ದಾಳೆ, ನಾನು ಮೀಸೆಗೆ ಬಣ್ಣ ಹಚ್ಚಿಸಲು ಹೋಗಿ ಸುಟ್ಟುಕೊಂಡೆ, ಕೇಳಿದಾಗ ನಾಚಿಕೆಗೆ ತಲೆ ತಗ್ಗಿಸಿದೆ ಎಂದು ಕೆಂಚಯ್ಯನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುವವನಿದ್ದೇನೆ. ತಾವು ಪಕ್ಕದಲ್ಲಿ ನಿಂತು ಒಂದೇ ಮಾತು ಹೇಳಿದರೆ ಸಾಕು: ನಾನು ನೋಡದೆ ರುಜು ಮಾಡಿದೆ. ಜನ ನಗುತ್ತಾರೆಂಬ ಭಯ ತಮಗಿದ್ದರೆ, ನಗುತ್ತಾರೆ ಎಂದು ಮೊದಲೇ ಹೇಳಿಬಿಡುತ್ತೇನೆ. ನನ್ನನ್ನು ನೋಡಿ ಆಗಲೇ ಸಾಕಷ್ಟು ನಕ್ಕಿದ್ದಾರೆ, ತಮ್ಮ ಪಾಲಿಗೆ ಸ್ವಲ್ಪವೇ ಉಳಿದಿದೆ.

ತಾವು ಬಂದರೂ ಬಾರದಿದ್ದರೂ ನಾನಂತೂ ಅಲ್ಲಿರುತ್ತೇನೆ. ಅವ್ವ ಬರುತ್ತಾರಂತೆ. ಮಂಡಿನೋವಿದ್ದರೂ ಗಾಡಿಗೆ ಹುಲ್ಲು ಹಾಸಿಸಲು ಹೇಳಿದ್ದಾರೆ. ಮಾವ ತಂದ ಆ ಸೀರೆಯನ್ನೇ ಉಟ್ಟು ಬರುತ್ತಾರಂತೆ. ಬೇಡವೆಂದು ಅಕ್ಕ ಗೋಳಾಡಿದರೂ ಕೇಳಲಿಲ್ಲ, ಅಷ್ಟು ಒಳ್ಳೆಯ ಸೀರೆಯನ್ನು ಮಣ್ಣಿಗೆ ಯಾಕೆ ಹಾಕಬೇಕು ಎಂದರು. ಎಲೆಯಡಿಕೆಯ ಚೀಲದ ಜೊತೆ ಕುಟ್ಟಾಣಿಯನ್ನೂ ಕಟ್ಟಿಡು ಎಂದು ಕಾಮಾಕ್ಷಮ್ಮನಿಗೆ ಹೇಳಿದ್ದಾರೆ. ಅಷ್ಟು ದೂರ ಅದನ್ನು ಯಾಕೆ ಹೊರುತ್ತೀರಿ, ಅಲ್ಲಿ ಕುಟ್ಟುವವರು ಯಾರಿದ್ದಾರೆ ಎಂದು ಅವಳು ಬೇಕೆಂತಲೇ ನನಗೆ ಕೇಳಿಸುವಂತೆ ಕೇಳಿದಳು.

"ನೋಡಾಣ" ಎಂದರು ಅವ್ವ.

ಇಂತಿ,
ಬೆಳ್ಳಿ ಪದಕ ಪಡೆದ ಹೋರಿಬಾಲದ ಬಣ್ಣಕ್ಕೆ ಮೀಸೆ ತೆತ್ತು, ಈಗ ಎರಡೂ ಕಡೆ ಬಿಳಿ ಮೀಸೆಯವನಾಗಿರುವ,
ಬದುಕಿರುವ ದೊಡ್ಡತಾಯಮ್ಮನವರ ಮಗ
ತಿಮ್ಮಪ್ಪ
ತೆಂಗಿನಕಾಯಿ ವರ್ತಕ, ಚನ್ನರಾಯಪಟ್ಟಣ